ಬೇಲಿ ಕಂಬದ ಗುಂಡಿಗೆ ಯಾವ ಅಳತೆಯ ಆಗರ್ ಬಿಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಲೂರು ತಾಲ್ಲೂಕಿನ ನಮ್ಮ ತೋಟಕ್ಕೆ ಗುಂಡಿ ತೆಗೆಯುವ ಮೆಷಿನ್ ತಂದ ಮೇಲೆ, ಅದನ್ನು ಒಂದೆರಡು ದಿನಕ್ಕೆಂದು ಕೇಳಿಕೊಂಡು ಬರುವವರ ಜೊತೆಯಲ್ಲೇ ಪ್ರಶ್ನೆಗಳೂ ಬರತೊಡಗಿದವು. ಕೆಲವನ್ನು ಸಿಮೆಂಟ್ ಅಂಗಡಿಯ ಮುಂದೆ ನಿಂತಾಗ ಕೇಳಿದ್ದಾರೆ, ಕೆಲವು ಫೋನಿನಲ್ಲಿ ಬಂದಿವೆ, ಕೆಲವನ್ನು ಬರೆದು ಕಳಿಸಿದ್ದಾರೆ. ಸಕಲೇಶಪುರ, ಮೂಡಿಗೆರೆಯ ತೋಟದವರೂ ಅರಸೀಕೆರೆ, ಕಡೂರಿನ ಬಯಲಿನವರೂ ಕೇಳುವುದು ಹೆಚ್ಚುಕಡಿಮೆ ಒಂದನ್ನೇ: ಯಾವ ಸೈಜಿನ ಬಿಟ್ (ಗುಂಡಿ ತೆಗೆಯುವ ಮೆಷಿನ್ನಿನ, ಅಂದರೆ ಆಗರ್‌ನ, ತುದಿಯಲ್ಲಿ ತಿರುಗಿ ಮಣ್ಣು ಕೊರೆಯುವ ಸುರುಳಿ) ಹಾಕಬೇಕು? ಕಂಬದ ಬುಡದ ಅಳತೆ, ಅದರ ಸುತ್ತ ತುಂಬುವ ವಸ್ತು, ಜಮೀನಿನ ಮಣ್ಣು, ಈ ಮೂರನ್ನು ನೋಡದೆ ಇದಕ್ಕೆ ಉತ್ತರ ಹೇಳಲಾಗದು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದದ್ದು

"ಅಂಗಡಿಯವರು ಆರಿಂಚು, ಎಂಟಿಂಚು, ಹನ್ನೆರಡಿಂಚಿನ ಬಿಟ್ ಅಂತಾರೆ. ಅದು ಬಿಟ್ಟಿನ ಉದ್ದಾನಾ, ಅಗಲಾನಾ?"

ಅಗಲ. ಸುರುಳಿಯ ಒಂದು ಅಂಚಿನಿಂದ ಎದುರಿನ ಅಂಚಿಗೆ ಇರುವ ವ್ಯಾಸವನ್ನೇ ಅವರು ಹೇಳುವುದು. ಕೈಯಲ್ಲಿ ಹಿಡಿಯುವ ಪೆಟ್ರೋಲ್ ಮೆಷಿನ್‌ಗಳಿಗೆ 4, 6, 8, 10, 12 ಇಂಚಿನ ಬಿಟ್‌ಗಳು ಸಿಗುತ್ತವೆ. ಟ್ರ್ಯಾಕ್ಟರಿಗೆ ಕಟ್ಟುವ ಆಗರ್‌ಗಳಲ್ಲಿ 9, 12, 18, 24 ಇಂಚಿನವು ಹೆಚ್ಚು ಬಳಕೆಯಲ್ಲಿವೆ. ಬಿಟ್ ತಿರುಗುವಾಗ ಸ್ವಲ್ಪ ಓಲಾಡುವುದರಿಂದ ಗುಂಡಿಯ ಬಾಯಿ ಹೇಳಿದ ಅಳತೆಗಿಂತ ಅರ್ಧ ಇಂಚು, ಸಡಿಲ ಮಣ್ಣಿನಲ್ಲಿ ಒಂದು ಇಂಚಿನವರೆಗೂ ಅಗಲವಾಗುತ್ತದೆ. ಆದರೆ ಬುಡದಲ್ಲಿ ಈ ಹೆಚ್ಚಳ ಇರುವುದಿಲ್ಲ. ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

"ನಮ್ಮದು ನಾಲ್ಕಿಂಚಿನ ಸಿಮೆಂಟ್ ಕಂಬ. ಆರಿಂಚಿನ ಬಿಟ್ ಸಾಕಲ್ವಾ?"

ಸಾಲುವುದಿಲ್ಲ. ಈ ತಪ್ಪನ್ನು ಮೊದಲು ಮಾಡಿದವನು ನಾನೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕಂಬ ಚೌಕ, ಗುಂಡಿ ದುಂಡಗೆ. ದುಂಡು ಗುಂಡಿಯೊಳಗೆ ಚೌಕದ ಕಂಬ ಇಳಿಯಬೇಕಾದರೆ ಅದರ ಬದಿಯ ಅಳತೆ ಮುಖ್ಯವಾಗುವುದಿಲ್ಲ, ಮೂಲೆಯಿಂದ ಮೂಲೆಗೆ ಇರುವ ಅಳತೆ ಮುಖ್ಯವಾಗುತ್ತದೆ. ನಾಲ್ಕಿಂಚು ಚೌಕದ ಕಂಬಕ್ಕೆ ಅದು ಸುಮಾರು 5.7 ಇಂಚು. ಆರಿಂಚಿನ ಗುಂಡಿಯಲ್ಲಿ ಪ್ರತಿ ಮೂಲೆಗೂ ಉಳಿಯುವುದು ಎರಡು ನೂಲಿಗಿಂತ, ಅಂದರೆ ಕಾಲು ಇಂಚಿಗಿಂತ, ಕಡಿಮೆ ಜಾಗ. ನಾನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಇಪ್ಪತ್ತೆಂಟು ಗುಂಡಿ ತೆಗೆಸಿ, ಮೊದಲ ಕಂಬವನ್ನು ಇಳಿಸಿದಾಗ ಅದು ಒಂದಡಿ ಹೋಗಿ ಮೂಲೆಗಳಿಂದ ಮಣ್ಣನ್ನು ಕೆರೆಯುತ್ತಾ ನಿಂತುಬಿಟ್ಟಿತು. ಬಲವಂತವಾಗಿ ಕೆಳಗಿಳಿಸಿದ ಮೇಲೆ, ಕೆರೆದ ಮಣ್ಣೆಲ್ಲ ಬುಡಕ್ಕೆ ಬಿದ್ದು ಕಂಬ ನಾಲ್ಕಿಂಚು ಮೇಲೇ ಉಳಿಯಿತು. ಅದನ್ನು ನೇರ ಮಾಡಲು ಆಚೀಚೆ ಅಲುಗಿಸಲೂ ಜಾಗವಿರಲಿಲ್ಲ. ಕೊನೆಗೆ ಇಪ್ಪತ್ತೆಂಟು ಗುಂಡಿಗಳನ್ನೂ ಹಾರೆಯಿಂದ ಅಗಲ ಮಾಡಬೇಕಾಯಿತು.

ಕಂಬದ ಬುಡದ ಮೇಲೆ ಒಂದು ಅಡಿಕೆ ದಬ್ಬೆಯ ತುಂಡನ್ನು ಮೂಲೆಯಿಂದ ಮೂಲೆಗೆ ಇಟ್ಟು ಗುರುತು ಮಾಡಿಕೊಂಡು, ಅದಕ್ಕೆ ಕನಿಷ್ಠ ಎರಡೂಕಾಲು ಇಂಚು ಸೇರಿಸಿದರೆ ಬರುವುದೇ ಬಿಟ್ಟಿನ ಅಳತೆ. ನಾಲ್ಕಿಂಚಿನ ಕಂಬಕ್ಕೆ ಅದು 8 ಇಂಚು. ಆಗ ಬದಿಗಳಲ್ಲಿ ಎರಡೆರಡು ಇಂಚು, ಮೂಲೆಗಳಲ್ಲಿ ಒಂದಿಂಚಿಗಿಂತ ಸ್ವಲ್ಪ ಹೆಚ್ಚು ಜಾಗ ಉಳಿಯುತ್ತದೆ. ಕಂಬದ ಬುಡ ಐದಿಂಚು ಚೌಕವಿದ್ದರೆ ಮೂಲೆಯ ಅಳತೆ 7.1 ಇಂಚು ಆಗುವುದರಿಂದ 10 ಇಂಚಿನ ಬಿಟ್ ಬೇಕು. ಅಚ್ಚಿನ ಕಂಬಗಳು ಮೇಲೆ ತೆಳ್ಳಗೆ, ಬುಡದಲ್ಲಿ ದಪ್ಪ ಇರುವುದುಂಟು. ಆದ್ದರಿಂದ ಹೂಳುವ ತುದಿಯನ್ನೇ ಅಳೆಯಬೇಕು.

"ಕಾಂಕ್ರೀಟ್ ಹಾಕಲ್ಲ ಸಾರ್, ಮಣ್ಣು ಕಲ್ಲು ಹಾಕಿ ಬಡಿತೀವಿ. ಆಗಲೂ ಎಂಟಿಂಚೇ ಆಗುತ್ತಾ?"

ನಾಲ್ಕಿಂಚಿನ ಕಂಬಕ್ಕೆ ಎಂಟಿಂಚು ನಡೆಯುತ್ತದೆ, ಹತ್ತು ಅನುಕೂಲ. ಮಣ್ಣು ತುಂಬಿ ದಮ್ಮಸು ಮಾಡುವ ಗುಂಡಿಯ ಅಳತೆಯನ್ನು ನಿರ್ಧರಿಸುವುದು ನಿಮ್ಮ ಹಾರೆ. ಹಾರೆಯ ಮೊಂಡು ತುದಿ ಕಂಬದ ನಾಲ್ಕೂ ಬದಿಯಲ್ಲಿ ಬುಡದವರೆಗೂ ಸಲೀಸಾಗಿ ಇಳಿದು, ಮುಷ್ಟಿಗಾತ್ರದ ಕಲ್ಲನ್ನು ಜಡಿಯುವಷ್ಟು ಜಾಗ ಇರಬೇಕು. ಎಂಟಿಂಚಿನ ಗುಂಡಿಯಲ್ಲಿ ಹಾರೆ ಇಳಿಯುತ್ತದೆ, ಮುಷ್ಟಿಗಾತ್ರದ ಕಲ್ಲು ಮಾತ್ರ ಮಧ್ಯದಲ್ಲೇ ಸಿಕ್ಕಿಕೊಳ್ಳುತ್ತದೆ. ಅದರ ಕೆಳಗೆ ಪೊಳ್ಳು ಉಳಿಯುತ್ತದೆ, ಮೇಲಿನಿಂದ ಎಷ್ಟು ಬಡಿದರೂ ಗೊತ್ತಾಗುವುದಿಲ್ಲ, ಮೊದಲ ಮಳೆಗಾಲದಲ್ಲಿ ಮಣ್ಣು ಕುಸಿದು ಕಂಬ ವಾಲುತ್ತದೆ. ಎಂಟಿಂಚೇ ತೆಗೆಯುವುದಾದರೆ ಸಣ್ಣ ಕಲ್ಲುಚೂರು, ಗರಸು ಹಾಕಿ, ಅರ್ಧ ಅಡಿ ತುಂಬಿದಾಗಲೆಲ್ಲ ನಿಲ್ಲಿಸಿ ಬಡಿಯಬೇಕು.

"ಕಲ್ಲುಕಂಬಕ್ಕೆ ಯಾವ ಸೈಜು?"

ಕಲ್ಲುಕಂಬಗಳು ಒಂದರಂತೆ ಇನ್ನೊಂದು ಇರುವುದಿಲ್ಲ. ಒಂದರ ಬುಡ 5 ಇಂಚು, ಪಕ್ಕದ್ದರದು 7 ಇಂಚು, ಮತ್ತೊಂದರ ಹೊಟ್ಟೆ ಉಬ್ಬಿಕೊಂಡಿರುತ್ತದೆ. ಆರಿಂಚಿಗೆ ಐದಿಂಚಿನ ಕಂಬದ ಮೂಲೆಯಿಂದ ಮೂಲೆಯ ಅಳತೆ ಸುಮಾರು 7.8 ಇಂಚು. ಲೆಕ್ಕದ ಪ್ರಕಾರ 10 ಇಂಚಿನ ಗುಂಡಿಗೆ ಅದು ಇಳಿಯುತ್ತದೆ. ಆದರೂ ನಾನು 12 ಇಂಚನ್ನೇ ಹೇಳುತ್ತೇನೆ. ಅಂಥ ಏಳಡಿ ಕಂಬ 110 ಕೆ.ಜಿ. ಆಸುಪಾಸು ತೂಗುತ್ತದೆ. ಇಬ್ಬರು ಮೂವರು ಎತ್ತಿ ಗುಂಡಿಯ ಬಾಯಿಗೆ ಜಾರಿಸುವಾಗ ಅದು ಬಿಟ್ ಕೊರೆದ ನಯವಾದ ಗೋಡೆಗೆ ಬಡಿದು ಮಣ್ಣನ್ನು ಉದುರಿಸುತ್ತದೆ. ಒಳಗೆ ನಿಂತ ಮೇಲೆ ಅದರ ಒರಟು ಮುಖವನ್ನು ತಂತಿಯ ಕಡೆಗೆ ತಿರುಗಿಸಬೇಕಾದರೆ ಜಾಗ ಬೇಕೇ ಬೇಕು. ಲೋಡು ಬಂದು ಬಿದ್ದ ದಿನವೇ ದಪ್ಪ ಬುಡದ ಕಂಬಗಳನ್ನು ಬೇರೆ ಮಾಡಿ ಮೂಲೆಗೂ ಗೇಟಿಗೂ ಇಟ್ಟುಕೊಳ್ಳುವುದು ಒಳ್ಳೆಯದು.

"ಆಂಗಲ್, ಜಿಐ ಪೈಪ್ ಆದ್ರೆ?"

ಎರಡಿಂಚಿನ ಜಿಐ ಪೈಪಿನ ಹೊರವ್ಯಾಸ ಸುಮಾರು 60 ಎಂಎಂ, ಅಂದರೆ 2.4 ಇಂಚು. ಕಾಂಕ್ರೀಟ್ ಹಾಕುವಾಗ ಕಂಬದ ಮೂರರಷ್ಟು ಅಗಲದ ಗುಂಡಿ ಎನ್ನುವ ವಾಡಿಕೆಯ ಲೆಕ್ಕದಂತೆ 7.2 ಇಂಚು ಆಗುತ್ತದೆ, ಅದಕ್ಕೆ ಹತ್ತಿರದ ಬಿಟ್ 8 ಇಂಚಿನದು. ಮುಳ್ಳುತಂತಿ ಬೇಲಿಯ ಸಾಲುಕಂಬಗಳಿಗೆ 6 ಇಂಚೂ ಸಾಕು. ಚೈನ್ ಲಿಂಕ್ ಜಾಲರಿಯಾದರೆ ಗಾಳಿಯ ಒತ್ತಡವೂ ಬಳ್ಳಿ ಹಬ್ಬಿದ ಭಾರವೂ ಸೇರುವುದರಿಂದ 8ಕ್ಕಿಂತ ಕೆಳಗೆ ಇಳಿಸಬೇಡಿ. ಆಂಗಲ್ ಕಂಬವನ್ನು ಬರೀ ಮಣ್ಣಿನಲ್ಲಿ ಹೂಳಿದರೆ ತೆಳ್ಳಗಿನ ಕಬ್ಬಿಣ ಮಣ್ಣನ್ನು ಕೊಯ್ದುಕೊಂಡು ವಾಲುತ್ತದೆ. ಅದಕ್ಕೆ ಕಾಂಕ್ರೀಟ್ ಬೇಕು.

"ಗುಂಡಿ ದೊಡ್ಡದಾದಷ್ಟೂ ಕಂಬ ಭದ್ರ ತಾನೇ? ಹನ್ನೆರಡಿಂಚೇ ಹೊಡೆಸಿಬಿಡ್ತೀನಿ."

ಹಾಗೆ ಅನ್ನಿಸುವುದು ಸಹಜ, ಆದರೆ ಕಂಬವನ್ನು ಹಿಡಿದು ನಿಲ್ಲಿಸುವುದು ಕದಡದ ಮಣ್ಣು. ನೂರಾರು ವರ್ಷಗಳಿಂದ ಮಲಗಿ ಗಟ್ಟಿಯಾದ ಮಣ್ಣನ್ನು ತೆಗೆದು ಅದರ ಜಾಗದಲ್ಲಿ ನಾವು ಒಂದು ಮಧ್ಯಾಹ್ನ ಬಡಿದ ಮಣ್ಣನ್ನು ತುಂಬುತ್ತೇವೆ. ಗುಂಡಿ ಅಗಲವಾದಷ್ಟೂ ಕಂಬದ ಸುತ್ತ ಈ ಸಡಿಲ ಮಣ್ಣಿನ ಬಳೆ ದಪ್ಪವಾಗುತ್ತದೆ.

ಕಾಂಕ್ರೀಟ್ ಹಾಕುವವರಿಗೆ ಇದು ನೇರವಾಗಿ ಹಣದ ಲೆಕ್ಕ. ನಾಲ್ಕಿಂಚು ಚೌಕದ ಕಂಬ, ಎರಡಡಿ ಆಳ ಎಂದಿಟ್ಟುಕೊಳ್ಳಿ. ಕಂಬದ ಗಾತ್ರವನ್ನು ಕಳೆದರೆ 8 ಇಂಚಿನ ಗುಂಡಿಗೆ ಸುಮಾರು 0.48 ಘನ ಅಡಿ ಕಾಂಕ್ರೀಟ್ ಬೇಕು, 10 ಇಂಚಿನದಕ್ಕೆ 0.87, 12 ಇಂಚಿನದಕ್ಕೆ 1.35. ಒಂದು ಚೀಲ ಸಿಮೆಂಟಿಗೆ ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ ಬೆರೆಸಿದರೆ ಸುಮಾರು ಐದೂವರೆ ಘನ ಅಡಿ ಕಾಂಕ್ರೀಟ್ ಆಗುತ್ತದೆ. ಈ ಲೆಕ್ಕದಲ್ಲಿ ನೂರು ಕಂಬಗಳಿಗೆ ಎಂಟಿಂಚಿನಲ್ಲಿ 9 ಚೀಲ, ಹತ್ತಿಂಚಿನಲ್ಲಿ 16 ಚೀಲ, ಹನ್ನೆರಡಿಂಚಿನಲ್ಲಿ 25 ಚೀಲ ಸಿಮೆಂಟ್ ಬೇಕು. ಒಂದು ಎಕರೆ ಚೌಕವಾಗಿದ್ದರೆ ಸುತ್ತಳತೆ ಸುಮಾರು 835 ಅಡಿ, ಎಂಟಡಿಗೊಂದು ಕಂಬ ಎಂದರೆ 105 ಕಂಬ. ಹಾಗಾಗಿ ಒಂದೇ ಎಕರೆಯ ಬೇಲಿಯಲ್ಲಿ ಎಂಟಿಂಚಿನ ಬದಲು ಹನ್ನೆರಡಿಂಚಿನ ಬಿಟ್ ಹಾಕಿದ್ದಕ್ಕೆ ಹದಿನಾರು ಹದಿನೇಳು ಚೀಲ ಸಿಮೆಂಟ್, ಅದಕ್ಕೆ ತಕ್ಕ ಮರಳು, ಜಲ್ಲಿ ಮತ್ತು ಆಳಿನ ಕೂಲಿ ಹೆಚ್ಚುತ್ತದೆ. ಎಂಟಿಂಚಿನ ಗುಂಡಿಯ ಮೂಲೆಗಳಲ್ಲಿ ಜಾಗ ಕಡಿಮೆ ಇರುವುದರಿಂದ 20 ಎಂಎಂ ಜಲ್ಲಿಯ ಬದಲು 12 ಎಂಎಂ ಸಣ್ಣ ಜಲ್ಲಿ ಬಳಸಬೇಕು. ಇಲ್ಲದಿದ್ದರೆ ಅದೂ ಮಧ್ಯದಲ್ಲಿ ಸಿಕ್ಕಿಕೊಂಡು ಕೆಳಗೆ ಪೊಳ್ಳು ಬಿಡುತ್ತದೆ.

"ಆಳ ಎಷ್ಟಿರಬೇಕು? ಬಿಟ್ ಎರಡೂವರೆ ಅಡಿಗೇ ಮುಗಿದುಹೋಗುತ್ತಲ್ಲ."

ಕಂಬದ ಒಟ್ಟು ಉದ್ದದ ಮೂರನೇ ಒಂದು ಭಾಗ ನೆಲದೊಳಗೆ ಇರಲಿ ಎನ್ನುವುದು ಹಳೆಯ ಲೆಕ್ಕ. ಆರಡಿ ಕಂಬಕ್ಕೆ ಎರಡಡಿ, ಏಳಡಿಗೆ ಎರಡಡಿ ನಾಲ್ಕಿಂಚು. ಗಟ್ಟಿ ನೆಲದಲ್ಲಿ ಏಳಡಿಯ ಸಾಲುಕಂಬವನ್ನು ಎರಡಡಿಗೇ ನಿಲ್ಲಿಸುವವರಿದ್ದಾರೆ, ಅದು ನಿಲ್ಲುತ್ತದೆ ಕೂಡ. ಬಿಟ್ ಮೇಲೆತ್ತುವಾಗ ಮೂರು ನಾಲ್ಕು ಇಂಚು ಪುಡಿಮಣ್ಣು ಬುಡಕ್ಕೆ ಮರಳಿ ಬೀಳುವುದನ್ನು ಮಾತ್ರ ಮರೆಯಬಾರದು. ಎರಡಡಿ ಬೇಕಾದರೆ ಎರಡೂಕಾಲು ಕೊರೆಯಬೇಕು, ಉಳಿದ ಪುಡಿಯನ್ನು ಹಾರೆಯಿಂದ ಬಡಿದು ಕೂರಿಸಬೇಕು. ಬಿಟ್ಟಿನ ದಂಡದ ಮೇಲೆ ಬಣ್ಣದಿಂದ ಒಂದು ಗೆರೆ ಎಳೆದುಕೊಂಡರೆ ಪ್ರತಿ ಗುಂಡಿಗೂ ಟೇಪು ಹಿಡಿಯುವ ಕೆಲಸ ತಪ್ಪುತ್ತದೆ. ಮೂರಡಿ ಬೇಕಾದ ಮೂಲೆಕಂಬಕ್ಕೆ ಬಿಟ್ ಮತ್ತು ಎಂಜಿನ್ ನಡುವೆ ಹಾಕುವ ಎಕ್ಸ್‌ಟೆನ್ಷನ್ ರಾಡ್ ಸಿಗುತ್ತದೆ. ಮೊದಲು ಬಿಟ್ ಮುಗಿಯುವವರೆಗೆ ಕೊರೆದು, ಆಮೇಲೆ ಅದನ್ನು ಸೇರಿಸಬೇಕು. ಮೊದಲೇ ಸೇರಿಸಿದರೆ ಮೆಷಿನ್ ಎದೆಯ ಮಟ್ಟಕ್ಕೆ ಬಂದು ಹಿಡಿತ ತಪ್ಪುತ್ತದೆ.

## ಮಣ್ಣು ನೋಡಿ ಬಿಟ್

"ಎರಡು ಅಡಿ ಸಲೀಸಾಗಿ ಹೋಯ್ತು, ಆಮೇಲೆ ಜಂಬಿಟ್ಟಿಗೆ ಸಿಕ್ತು. ಬಿಟ್ ಬರೀ ಸುತ್ತುತ್ತೆ, ಇಳಿಯಲ್ಲ."

ಕೊಪ್ಪ, ಶೃಂಗೇರಿ, ಕಳಸದ ಕಡೆಯವರ ಪ್ರಶ್ನೆ ಇದು. ಕೆಂಪು ಮಣ್ಣಿನಲ್ಲಿ ಬಿಟ್ ಇಳಿಯುವಾಗ ಎಂಜಿನ್ನಿನ ದನಿ ಗಂಭೀರವಾಗಿರುತ್ತದೆ. ಜಂಬಿಟ್ಟಿಗೆ ತಾಕಿದ ಕೂಡಲೇ ದನಿ ಕೀರಲಾಗಿ, ಸುರುಳಿಯಲ್ಲಿ ಮೇಲೆ ಬರುವ ಮಣ್ಣು ನಿಂತು, ಗುಂಡಿಯಿಂದ ಕೆಂಪು ಹಿಟ್ಟಿನಂಥ ಧೂಳು ಏಳುತ್ತದೆ. ಆ ಕ್ಷಣವೇ ಆಕ್ಸಿಲರೇಟರ್ ಬಿಡಬೇಕು, ಏಕೆಂದರೆ ಇನ್ನು ಮುಂದೆ ಸವೆಯುವುದು ಕಲ್ಲಲ್ಲ, ಹಲ್ಲು.

ಜಂಬಿಟ್ಟಿಗೆ ನೆಲದೊಳಗೆ ತೇವವಿರುವಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಕಲ್ಲು. ಇಟ್ಟಿಗೆಯಂತೆ ಕತ್ತರಿಸಿ ಮನೆ ಕಟ್ಟಲು ಸಾಧ್ಯವಾಗುವುದೂ ಇದೇ ಗುಣದಿಂದ. ಆದ್ದರಿಂದ ಅರ್ಧ ತೆಗೆದ ಗುಂಡಿಯನ್ನು ಬೇಸಿಗೆಯಲ್ಲಿ ವಾರಗಟ್ಟಲೆ ಬಿಸಿಲಿಗೆ ಬಿಡಬಾರದು. ಸಂಜೆ ಎರಡು ಕೊಡ ನೀರು ತುಂಬಿಸಿ ಬೆಳಿಗ್ಗೆ ಕೊರೆದರೆ ಎಷ್ಟೋ ಕಡೆ ಬಿಟ್ ಇಳಿಯುತ್ತದೆ. ಇಳಿಯದಿದ್ದರೆ ಕಾರ್ಬೈಡ್ ತುದಿಯ ಹಲ್ಲಿನ ಬಿಟ್ ಹಾಕಬೇಕು, ಅಳತೆಯನ್ನೂ ಒಂದು ಮೆಟ್ಟಿಲು ಇಳಿಸಬೇಕು: ಹತ್ತರ ಬದಲು ಎಂಟು. ಗಟ್ಟಿ ನೆಲದಲ್ಲಿ ಕಿರಿದಾದ ಗುಂಡಿಯೇ ಸಾಕು. ಜಂಬಿಟ್ಟಿಗೆಯೊಳಗೆ ಒಂದಡಿ ಕೂತ ಕಂಬವನ್ನು ಅಲ್ಲಾಡಿಸುವುದು ಸುಲಭವಲ್ಲ.

ಅರಸೀಕೆರೆ, ಕಡೂರಿನ ಕಡೆ ಸಿಗುವುದು ಜಂಬಿಟ್ಟಿಗೆಯಲ್ಲ, ಬಂಡೆ. ಬಂಡೆಗೆ ಯಾವ ಆಗರ್ ಬಿಟ್ಟೂ ಅಲ್ಲ. ಕಂಬವನ್ನು ಒಂದಡಿ ಆಚೀಚೆ ಸರಿಸಿ ನೋಡಿ, ಅಲ್ಲೂ ಬಂಡೆಯಿದ್ದರೆ ಕಲ್ಲು ಕೊರೆಯುವವರಿಂದ ಸಣ್ಣ ತೂತು ಹಾಕಿಸಿ, ಕಬ್ಬಿಣದ ಕಂಬ ಇಳಿಸಿ ಸಿಮೆಂಟ್ ಗಾರೆ ತುಂಬಿ.

"ಎರೆ ಹೊಲದಲ್ಲಿ ಹಾಕಿದ ಕಂಬ ಬೇಸಿಗೆ ಬಂದ್ರೆ ಅಲ್ಲಾಡುತ್ತೆ, ಮಳೆ ಬಂದ್ರೆ ಗಟ್ಟಿ. ಬಿಟ್ ಸಣ್ಣದಾಯ್ತಾ?"

ಅಜ್ಜಂಪುರದ ಕಡೆಯಿಂದ ಬಂದ ಪ್ರಶ್ನೆ. ತಪ್ಪು ಬಿಟ್ಟಿನದಲ್ಲ, ಮಣ್ಣಿನ ಸ್ವಭಾವವೇ ಹಾಗೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಆ ಬಿರುಕು ಕಂಬದ ಗುಂಟ ಇಳಿದಾಗ ಕಂಬ ಹಲ್ಲು ಸಡಿಲಾದಂತೆ ಆಡತೊಡಗುತ್ತದೆ. ಬುಡಕ್ಕೆ ಅದೇ ಎರೆ ಮಣ್ಣನ್ನು ಮತ್ತೆ ತುಂಬಿದರೆ ಸಮಸ್ಯೆಯೂ ಅದರ ಜೊತೆಗೇ ಒಳಗೆ ಹೋಗುತ್ತದೆ.

ಹೀಗಾಗಿ ದೊಡ್ಡ ಬಿಟ್ ಬಳಸಿ ಎಂದು ನಾನು ಹೇಳುವ ಕೆಲವೇ ಜಾಗಗಳಲ್ಲಿ ಎರೆ ಹೊಲವೂ ಒಂದು. ನಾಲ್ಕಿಂಚಿನ ಕಂಬಕ್ಕೆ 12 ಇಂಚಿನ ಗುಂಡಿ ತೆಗೆದು, ತೆಗೆದ ಮಣ್ಣನ್ನು ಆಚೆ ಹಾಕಿ, ಹೊರಗಿನಿಂದ ತಂದ ಗರಸನ್ನು ಪದರ ಪದರವಾಗಿ ದಮ್ಮಸು ಮಾಡಬೇಕು. ಆಳ ಅರ್ಧ ಅಡಿ ಹೆಚ್ಚಿರಲಿ, ಮೇಲ್ಭಾಗದಲ್ಲಿ ನೀರು ನಿಲ್ಲದಂತೆ ದಿಬ್ಬ ಕಟ್ಟಿ. ಕಾಂಕ್ರೀಟ್ ಹಾಕುವುದಾದರೆ ಬುಡವನ್ನು ಹಾರೆಯಿಂದ ಕೆರೆದು ಅಗಲ ಮಾಡಬೇಕು, ಬಾಯಿ ಕಿರಿದಾಗಿರಬೇಕು. ಅಣಬೆಯಂತೆ ಮೇಲೆ ಹರಡಿದ ಕಾಂಕ್ರೀಟನ್ನು ಉಬ್ಬುವ ಮಣ್ಣು ಕೆಳಗಿನಿಂದ ಎತ್ತಿಬಿಡುತ್ತದೆ.

ಇನ್ನೊಂದು ವಿಷಯ: ಜಿಗುಟು ಮಣ್ಣಿನಲ್ಲಿ ಜೋರಾಗಿ ತಿರುಗುವ ಬಿಟ್ ಗುಂಡಿಯ ಗೋಡೆಯನ್ನು ಮಡಕೆಯ ಒಳಮೈಯಂತೆ ನುಣುಪು ಮಾಡುತ್ತದೆ. ತುಂಬಿದ ಮಣ್ಣು ಆ ನುಣುಪಿಗೆ ಹಿಡಿಯುವುದಿಲ್ಲ. ಕಂಬ ಇಳಿಸುವ ಮೊದಲು ಹಾರೆಯ ಚೂಪು ತುದಿಯಿಂದ ಗೋಡೆಯನ್ನು ನಾಲ್ಕಾರು ಕಡೆ ಗೀರಿದರೆ ಸಾಕು.

"ಗದ್ದೆ ಬದುವಿನಲ್ಲಿ ಗುಂಡಿ ತೆಗೆದ್ರೆ ನೀರು ಒಸರುತ್ತೆ, ಗೋಡೆ ಕುಸಿಯುತ್ತೆ. ಏನ್ಮಾಡೋದು?"

ಅಲ್ಲಿ ಅಗಲದ ಬಿಟ್ ಇನ್ನಷ್ಟು ಕುಸಿತ ತರುತ್ತದೆ. 6 ಇಂಚಿನ ಬಿಟ್ಟಿನಿಂದ ಬೇಗ ಕೊರೆದು, ತುದಿ ಚೂಪಾದ ಮರದ ಗೂಟವನ್ನೋ ಪೈಪನ್ನೋ ಗುಂಡಿ ಮುಚ್ಚಿಕೊಳ್ಳುವ ಮೊದಲೇ ಇಳಿಸಿ, ಮೇಲಿನಿಂದ ಜಡಿದು ಇನ್ನೊಂದಡಿ ಕೆಳಗೆ ಕೂರಿಸುವುದು ಲೇಸು. ಸಿಮೆಂಟ್ ಕಂಬವೇ ಬೇಕೆನ್ನುವವರು ನೀರು ಇಂಗುವ ಫೆಬ್ರವರಿಯವರೆಗೆ ಕಾಯಬೇಕು.

"ಯಾವ ತಿಂಗಳಲ್ಲಿ ತೆಗೆಸಿದ್ರೆ ಮೆಷಿನ್ ಸುಲಭವಾಗಿ ಇಳಿಯುತ್ತೆ?"

ಮಲೆನಾಡಿನಲ್ಲಿ ಎರಡು ಹೊತ್ತಿವೆ. ಒಂದು, ಮಳೆ ನಿಂತು ನೆಲದಲ್ಲಿ ಇನ್ನೂ ಹಸಿಯಿರುವ ನವೆಂಬರ್. ಆದರೆ ಅರೇಬಿಕಾ ಕಾಫಿ ಹಣ್ಣಿನ ಕೊಯ್ಲು ಅದೇ ಹೊತ್ತಿಗೆ ಶುರುವಾಗುವುದರಿಂದ ಆಳು ಸಿಗುವುದು ಕಷ್ಟ. ಇನ್ನೊಂದು, ರೋಬಸ್ಟಾ ಕೊಯ್ಲೂ ಮುಗಿದು, ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ನಂತರದ ವಾರ. ನಾನು ಬೇಲಿ ಕೆಲಸವನ್ನೆಲ್ಲ ಅದಕ್ಕೇ ಇಟ್ಟುಕೊಳ್ಳುತ್ತೇನೆ. ಅಷ್ಟು ಹೊತ್ತಿಗೆ ಮೇಲಿನ ಒಂದಡಿ ಮೆದುವಾಗಿರುತ್ತದೆ, ಕೆಳಗಿನದು ಗಟ್ಟಿಯಿರುತ್ತದೆ, ಮತ್ತು ಮುಂಗಾರು ಬರುವ ಮುನ್ನ ತುಂಬಿದ ಮಣ್ಣು ಕೂರಲು ಸಮಯವೂ ಸಿಗುತ್ತದೆ.

## ಮೆಷಿನ್ ಮತ್ತು ಬಿಟ್

"63 ಸಿಸಿ ಮೆಷಿನ್ನಿಗೆ 12 ಇಂಚಿನ ಬಿಟ್ ಹಾಕ್ಬೋದಾ?"

ಹಾಕಲು ಬರುತ್ತದೆ, ಕೊಳ್ಳುವಾಗ ಜೊತೆಯಲ್ಲೇ ಕೊಡುವವರೂ ಇದ್ದಾರೆ. ಆದರೆ 12 ಇಂಚಿನ ಗುಂಡಿಯ ವಿಸ್ತಾರ 8 ಇಂಚಿನದರ ಎರಡೂಕಾಲು ಪಟ್ಟು, 6 ಇಂಚಿನದರ ನಾಲ್ಕು ಪಟ್ಟು. ಅಷ್ಟೂ ಮಣ್ಣನ್ನು ಅದೇ ಎಂಜಿನ್ ಕೆತ್ತಿ ಎತ್ತಬೇಕು. ತೋಟದ ಮೆದು ಮಣ್ಣಿನಲ್ಲಿ ಇದು ನಡೆಯುತ್ತದೆ, ಗಟ್ಟಿ ನೆಲದಲ್ಲಿ ಕ್ಲಚ್ ಜಾರಿ ಬಿಸಿಯಾಗುತ್ತದೆ. ಅದಕ್ಕಿಂತ ದೊಡ್ಡ ಚಿಂತೆ ಮೆಷಿನ್ ಹಿಡಿದವರದು. ಬಿಟ್ ಬೇರಿಗೋ ಕಲ್ಲಿಗೋ ಸಿಕ್ಕು ಥಟ್ಟನೆ ನಿಂತಾಗ, ತಿರುಗುವ ಬಲವೆಲ್ಲ ಹಿಡಿಕೆಗೆ ಬಂದು ಮಣಿಕಟ್ಟನ್ನೋ ಪಕ್ಕೆಲುಬನ್ನೋ ಬಡಿಯುತ್ತದೆ. ಒಬ್ಬರೇ ಹಿಡಿಯುವ ಮೆಷಿನ್ನಿಗೆ ಗಟ್ಟಿ ನೆಲದಲ್ಲಿ 8 ಇಂಚು ಮಿತಿ ಎಂದು ನಾನು ಭಾವಿಸುತ್ತೇನೆ. ಹತ್ತು, ಹನ್ನೆರಡಕ್ಕೆ ಇಬ್ಬರು ಹಿಡಿಯುವ ಮೆಷಿನ್ ಅಥವಾ ಟ್ರ್ಯಾಕ್ಟರ್ ಸರಿ.

ಮೊದಲು ಆರಿಂಚು ಕೊರೆದು ಆಮೇಲೆ ಹನ್ನೆರಡಿಂಚಿನಿಂದ ಅಗಲ ಮಾಡುವ ಉಪಾಯವನ್ನು ಕೆಲವರು ಹೇಳುತ್ತಾರೆ. ಆಗ ದೊಡ್ಡ ಬಿಟ್ಟಿನ ನಡುವಿನ ಮೂತಿಗೆ ಕಚ್ಚಿಕೊಳ್ಳಲು ಮಣ್ಣೇ ಇರುವುದಿಲ್ಲ. ಅದು ಗುಂಡಿಯೊಳಗೆ ಆಚೀಚೆ ಎಗರುತ್ತದೆ. ಈ ಉಪಾಯ ನನಗೆ ಒಗ್ಗಲಿಲ್ಲ.

"ಬಾಡಿಗೆ ಟ್ರ್ಯಾಕ್ಟರಿನವರು ಒಂದೇ ಬಿಟ್ ತರ್ತಾರೆ. ಅದರಲ್ಲೇ ತೆಗೆಸಿದ್ರೆ ಆಗಲ್ವಾ?"

ತೆಂಗಿನ ಗುಂಡಿಗೋ ಅಡಿಕೆ ಗುಂಡಿಗೋ ಹಾಕಿದ 18 ಇಂಚಿನ ಬಿಟ್ಟನ್ನೇ ಬೇಲಿಗೂ ತಂದು ನಿಲ್ಲಿಸುವುದುಂಟು. ಕೆಲಸ ಹಿಡಿಸುವ ಮೊದಲೇ ಫೋನಿನಲ್ಲಿ "9 ಇಂಚಿನದು ಇದೆಯೇ" ಎಂದು ಕೇಳಿ. ನಾಲ್ಕಿಂಚಿನ ಸಿಮೆಂಟ್ ಕಂಬಕ್ಕೆ ಟ್ರ್ಯಾಕ್ಟರ್ ಬಿಟ್‌ಗಳಲ್ಲಿ ಅದಕ್ಕಿಂತ ಒಪ್ಪುವ ಅಳತೆ ಇಲ್ಲ. ಕಲ್ಲುಕಂಬಕ್ಕೆ 12 ಸರಿ. 18 ಇಂಚಿನದು ಮಾತ್ರ ಇದ್ದರೆ, ಸಾಲುಕಂಬಗಳ ಮಟ್ಟಿಗೆ ಹಾರೆ ಸನಿಕೆ ಹಿಡಿದ ಇಬ್ಬರು ಆಳುಗಳೇ ಅದಕ್ಕಿಂತ ಮೇಲು.

ಟ್ರ್ಯಾಕ್ಟರಿನ ಪಿಟಿಓ ದಂಡದ (ಎಂಜಿನ್ನಿನ ಬಲವನ್ನು ಆಗರ್‌ಗೆ ಕೊಡುವ, ಜೋರಾಗಿ ತಿರುಗುವ ದಂಡ) ಹತ್ತಿರ ಪಂಚೆ ಉಟ್ಟವರು, ಹೆಗಲ ಮೇಲೆ ಟವೆಲ್ ಹಾಕಿದವರು ನಿಲ್ಲಕೂಡದು. ಶಿಯರ್ ಬೋಲ್ಟ್ ತುಂಡಾಗುತ್ತದೆಂದು ಅದರ ಜಾಗಕ್ಕೆ ಗಟ್ಟಿ ಬೋಲ್ಟ್ ಹಾಕುವುದೂ ಅಷ್ಟೇ ತಪ್ಪು. ಆ ಬೋಲ್ಟ್ ಇರುವುದೇ ಗೇರ್ ಬಾಕ್ಸಿನ ಬದಲು ತಾನು ತುಂಡಾಗಲೆಂದು.

"ಕಾಫಿ ಗಿಡ ನೆಡೋಕೆ ಅಂತ ತಂದ ಹನ್ನೆರಡಿಂಚಿನ ಬಿಟ್ ಇದೆ. ಬೇಲಿಗೂ ಅದೇ ನಡೆಯುತ್ತಾ?"

ಕಲ್ಲುಕಂಬಕ್ಕೂ ಮೂಲೆಕಂಬಕ್ಕೂ ನಡೆಯುತ್ತದೆ, ಉಳಿದದ್ದಕ್ಕೆ ಬೇಡ. ಗಿಡದ ಗುಂಡಿಯ ಉದ್ದೇಶ ಬೇರು ಸುಲಭವಾಗಿ ಹರಡುವಂತೆ ಮಣ್ಣನ್ನು ಸಡಿಲ ಮಾಡುವುದು. ಕಾಫಿಗೆ ಒಂದೂವರೆ ಅಡಿ ಉದ್ದಗಲ ಆಳದ ಗುಂಡಿ ಹೇಳುವುದು ಅದಕ್ಕಾಗಿಯೇ. ಕಂಬದ ಗುಂಡಿಯಲ್ಲಿ ಆಗಬೇಕಾದದ್ದು ಇದಕ್ಕೆ ತದ್ವಿರುದ್ಧ.

"ಬಿಟ್ ಗುಂಡಿಯಲ್ಲೇ ಸಿಕ್ಕಿಕೊಂಡ್ರೆ ಹೇಗೆ ತೆಗೆಯೋದು?"

ಎಂಜಿನ್ ಆರಿಸಿ. ಎಳೆದಾಡಬೇಡಿ. ಮೆಷಿನ್ನನ್ನು ಬಿಟ್ಟಿನಿಂದ ಬಿಡಿಸಿ, ದಂಡಕ್ಕೆ ಪೈಪ್ ರೆಂಚ್ ಹಾಕಿ ಅಪ್ರದಕ್ಷಿಣವಾಗಿ ತಿರುಗಿಸಿದರೆ ಅದು ಸ್ಕ್ರೂ ಬಿಚ್ಚಿದಂತೆ ಮೇಲೆ ಬರುತ್ತದೆ. ಒಂದೇ ಬಾರಿಗೆ ಎರಡಡಿ ಇಳಿಸುವವರಿಗೇ ಇದು ಆಗುವುದು ಹೆಚ್ಚು. ಅರ್ಧ ಅಡಿಗೊಮ್ಮೆ ಬಿಟ್ ಮೇಲೆತ್ತಿ ಮಣ್ಣು ಉದುರಿಸಬೇಕು.

"ಎಂಟಿಂಚಿನ ಬಿಟ್ಟೇ, ಆದ್ರೂ ಗುಂಡಿ ಕಿರಿದಾಗ್ತಿದೆ."

ಹೊರಅಂಚಿನ ಹಲ್ಲು ಸವೆದಿದೆ. ಬೋಲ್ಟ್ ಬಿಚ್ಚಿ ಹಲ್ಲು ಬದಲಿಸಬಹುದಾದ ಬಿಟ್ ಆಗಿದ್ದರೆ ಸಣ್ಣ ಖರ್ಚು. ಬೆಸುಗೆ ಹಾಕಿದ್ದಾದರೆ ವೆಲ್ಡಿಂಗ್ ಶಾಪಿಗೆ ಒಯ್ಯಬೇಕು. ಹೊಸ ಬಿಟ್ಟೇ ಕೊಳ್ಳುವವರು ದಂಡದ ತೂತಿನ ಅಳತೆಯನ್ನೂ ಪಿನ್ನಿನ ಜಾಗವನ್ನೂ ಹಳೆಯದರ ಜೊತೆ ಹೋಲಿಸಿ ತರಲಿ. ಕೈಮೆಷಿನ್‌ಗಳಲ್ಲಿ 20 ಎಂಎಂ ಹೆಚ್ಚು ಸಾಮಾನ್ಯ, ಎಲ್ಲವೂ ಅದೇ ಅಲ್ಲ.

## ಇನ್ನೂ ಮುಂದಿನ ಪ್ರಶ್ನೆಗಳು

"ಸಾಲುಕಂಬ ಎಲ್ಲ ಗಟ್ಟಿ ಇದೆ, ಮೂಲೆಕಂಬ ಮಾತ್ರ ಒಳಗೆ ವಾಲ್ತಾ ಇದೆ. ಗುಂಡಿ ದೊಡ್ಡದು ಮಾಡಬೇಕಿತ್ತಾ?"

ಸಾಲುಕಂಬದ ಕೆಲಸ ತಂತಿಯನ್ನು ಹೊತ್ತು ನಿಲ್ಲುವುದು, ಮೂಲೆಕಂಬದ ಕೆಲಸ ತಂತಿಯ ಎಳೆತವನ್ನು ತಡೆಯುವುದು. ಆದ್ದರಿಂದ ಮೂಲೆ, ಗೇಟು, ಮತ್ತು ಸುಮಾರು ನೂರಡಿಗೊಮ್ಮೆ ಬರುವ ಬಿಗಿಕಂಬಗಳಿಗೆ 12 ಇಂಚು ಅಗಲ, ಎರಡೂವರೆಯಿಂದ ಮೂರಡಿ ಆಳದ ಗುಂಡಿ ಬೇಕು. ಅಗಲಕ್ಕಿಂತ ಆಳ ಹೆಚ್ಚು ಮುಖ್ಯ.

ಅದರಲ್ಲೂ ಕಂಬವನ್ನು ಗುಂಡಿಯ ನಟ್ಟನಡುವೆ ನಿಲ್ಲಿಸುವ ಅಭ್ಯಾಸ ಇಲ್ಲಿ ಸಲ್ಲದು. ತಂತಿ ಎಳೆದಾಗ ಕಂಬ ನೆಲಮಟ್ಟದಲ್ಲಿ ಎಳೆತದ ದಿಕ್ಕಿಗೆ ಒತ್ತುತ್ತದೆ, ಬುಡದಲ್ಲಿ ಅದರ ವಿರುದ್ಧ ದಿಕ್ಕಿಗೆ ಒದೆಯುತ್ತದೆ. ಹಾಗಾಗಿ ಎಳೆತದ ಕಡೆಯ ಕದಡದ ಗೋಡೆಗೆ ಕಂಬವನ್ನು ತಾಗಿಸಿ ನಿಲ್ಲಿಸಿ, ಬುಡದಲ್ಲಿ ಅದರ ಹಿಂಬದಿಗೆ ಚಪ್ಪಟೆ ಕಲ್ಲುಗಳನ್ನು ಜಡಿಯಬೇಕು. ಎರಡು ದಿಕ್ಕಿನ ತಂತಿ ಸೇರುವ ಮೂಲೆಗೆ ಎರಡು ದಿಕ್ಕಿನಲ್ಲೂ ಆಸರೆಕಂಬ ಬೇಕು. ಆಸರೆಯ ಕಾಲು ಓರೆಯಾಗಿ ಕೂರುವುದರಿಂದ ಅದರ ಗುಂಡಿಗೆ ಯಾವ ಬಿಟ್ಟೂ ಸಲ್ಲದು. ಹಾರೆಯಿಂದಲೇ ಓರೆಯಾಗಿ ತೋಡಿ, ಒಳಗೆ ಹಾಸುಗಲ್ಲು ಕೊಟ್ಟು ನಿಲ್ಲಿಸಬೇಕು. ಕಾಂಕ್ರೀಟ್ ಹಾಕಿದ್ದರೆ ಏಳು ದಿನ ನೀರುಣಿಸದೆ ತಂತಿ ಬಿಗಿಯಬಾರದು. ವಾಲುವ ಮೂಲೆಕಂಬಗಳಲ್ಲಿ ನಾನು ಕಂಡ ಬಹುಪಾಲು ಕಾಂಕ್ರೀಟ್ ಹಾಕಿದ ಮರುದಿನವೇ ತಂತಿ ಎಳೆದಂಥವು.

"ಹಾಲವಾಣದ ಗೂಟಾನೇ ಕಂಬ ಮಾಡಿದ್ರೆ ಎಷ್ಟಿಂಚು?"

ಎರಡು ಮೂರು ಇಂಚು ದಪ್ಪದ ಹಾಲವಾಣ ಅಥವಾ ಗ್ಲಿರಿಸಿಡಿಯಾ ಗೂಟಕ್ಕೆ 4 ಇಂಚಿನ ಬಿಟ್, ಒಂದೂವರೆ ಅಡಿ ಆಳ. ಚಿಗುರಬೇಕಾದ ಗೂಟದ ತೊಗಟೆಗೆ ಮಣ್ಣು ಒತ್ತಿಕೊಂಡಿರಬೇಕು, ಸುತ್ತ ಪೊಳ್ಳಿದ್ದರೆ ಬೇರು ಒಣಗುತ್ತದೆ. ಮುಂಗಾರಿನ ಮೊದಲ ಮಳೆಗಳ ಜೊತೆ ನೆಡಿ, ಬೇರು ಹಿಡಿಯುವವರೆಗೆ ತಂತಿ ಬಿಗಿಯಬೇಡಿ.

"ಆನೆ ಕಾಟ. ಹದಿನೆಂಟಿಂಚಿನ ಗುಂಡಿ ತೆಗೆದು ಕಂಬ ನಿಲ್ಲಿಸಿದ್ರೆ ತಡೆಯುತ್ತಾ?"

ತಡೆಯುವುದಿಲ್ಲ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆಯ ತೋಟದವರಿಗೆ ಇದನ್ನು ಬೇರೆಯವರು ಹೇಳಬೇಕಾಗಿಲ್ಲ. ಅರಣ್ಯ ಇಲಾಖೆಯೇ ಆನೆ ತಡೆಗೆ ಹಳೆಯ ರೈಲು ಕಂಬಿಗಳ ಬೇಲಿ ಹಾಕಿಸುತ್ತದೆ ಎಂದ ಮೇಲೆ ನಾಲ್ಕಿಂಚಿನ ಸಿಮೆಂಟ್ ಕಂಬದ ಗುಂಡಿಯನ್ನು ಹಿರಿದು ಮಾಡಿ ಫಲವಿಲ್ಲ. ಸೋಲಾರ್ ಬೇಲಿ ಕೆಲಸ ಮಾಡುವುದು ಕಂಬದ ಬಲದಿಂದಲ್ಲ, ಕ್ಷಣಕಾಲ ಹೊಡೆಯುವ ಷಾಕ್‌ನಿಂದ. ಅದರ ಸಾಲುಕಂಬಗಳಿಗೆ 6 ಇಂಚು ಸಾಕು, ಮೂಲೆಗಳಿಗೆ ಮೇಲೆ ಹೇಳಿದ ಲೆಕ್ಕವೇ. ಮನೆಯ ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವುದು ಅಪರಾಧ, ಅದರಿಂದ ಆನೆಯೂ ಮನುಷ್ಯರೂ ಸತ್ತಿದ್ದಾರೆ.

"ಇಳಿಜಾರಿನಲ್ಲಿ ಬಿಟ್ ಹೇಗೆ ಹಿಡಿಯಬೇಕು?"

ನೆಲಕ್ಕೆ ಲಂಬವಾಗಿ ಅಲ್ಲ, ತೂಗುಗುಂಡಿನ ನೇರಕ್ಕೆ. ಇಳಿಜಾರಿನಲ್ಲಿ ಬಿಟ್ಟಿನ ಒಂದು ಅಂಚು ಮೊದಲು ನೆಲ ಮುಟ್ಟಿ ಮೆಷಿನ್ನನ್ನು ಕೆಳಕ್ಕೆ ದೂಡುತ್ತದೆ. ಮೊದಲು ಸನಿಕೆಯಿಂದ ಒಂದಡಿ ಅಗಲದ ಚಿಕ್ಕ ಮೆಟ್ಟಿಲು ಕಡಿದು, ಅದರ ಮೇಲೆ ಮೂತಿ ಇಟ್ಟರೆ ಈ ತೊಂದರೆ ಇಲ್ಲ. ಆಳವನ್ನು ಇಳಿಜಾರಿನ ಕೆಳಗಿನ ಅಂಚಿನಿಂದ ಅಳೆಯಬೇಕು, ಮೇಲಿನ ಅಂಚಿನಿಂದ ಅಳೆದರೆ ಕಂಬದ ಕೆಳಬದಿಗೆ ಅರ್ಧ ಅಡಿ ಮಣ್ಣು ಕಡಿಮೆಯಾಗಿರುತ್ತದೆ. ಮಳೆ ನೀರು ಹರಿದು ಕೊರೆಯುವುದೂ ಅದೇ ಕಡೆ.

"ಬಾಂದುಕಲ್ಲಿನ ಪಕ್ಕದಲ್ಲೇ ಗುಂಡಿ ಬರುತ್ತೆ. ಕಲ್ಲು ಸ್ವಲ್ಪ ಸರಿಸಿ ತೆಗೆಯಬಹುದಾ?"

ಬಾಂದುಕಲ್ಲನ್ನು ಮುಟ್ಟಬಾರದು. ಹದ್ದುಬಸ್ತು ಆಗದ ಜಮೀನಾದರೆ ಅಳತೆ ಮಾಡಿಸಿದ ಮೇಲೆಯೇ ಬೇಲಿ. ಗಡಿಗೆರೆಯ ಮೇಲೆ ಬಿಟ್ಟಿನ ಮೂತಿ ಇಟ್ಟರೆ ಗುಂಡಿಯ ಅರ್ಧ ಪಕ್ಕದವರ ಜಮೀನಿನಲ್ಲಿರುತ್ತದೆ ಎಂಬುದನ್ನು ದಾರ ಕಟ್ಟುವಾಗ ಮರೆಯುವವರೇ ಹೆಚ್ಚು. ಹನ್ನೆರಡಿಂಚಿನ ಬಿಟ್ ಆದರೆ ದಾರವನ್ನು ಕನಿಷ್ಠ ಆರಿಂಚು ಒಳಕ್ಕೆ ಕಟ್ಟಿ. ನಾನು ಒಂದಡಿ ಕಟ್ಟುತ್ತೇನೆ, ಕಲ್ಲಿಗೂ ಕಂಬಕ್ಕೂ ನಡುವೆ ಕುಡುಗೋಲು ಆಡಿಸಿ ಕಳೆ ತೆಗೆಯಲು ಅಷ್ಟು ಜಾಗ ಬೇಕಾಗುತ್ತದೆ.